ಒಂದೇ ಹಲ್ಲಿನಲ್ಲಿ ಎರಡು ಬಾವಿ: ಹತ್ತು ವರ್ಷದ ಹುಡುಗಿಯೊಬ್ಬಳ ಪ್ರಕರಣ

ಬೆಳಗಿನ ಮೊದಲ ಬಸ್ಸು ಹತ್ತಿ, ತೀರ್ಥಹಳ್ಳಿಯಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿದು, ಮಂಡಗದ್ದೆ, ಗಾಜನೂರು ದಾಟಿ ಶಿವಮೊಗ್ಗದ ನನ್ನ ಕ್ಲಿನಿಕ್ಕಿಗೆ ಅವರು ಬಂದು ಮುಟ್ಟುವಾಗ ಹನ್ನೊಂದು ಗಂಟೆ ದಾಟಿತ್ತು. ಜುಲೈ ತಿಂಗಳು. ಐದನೇ ಕ್ಲಾಸಿನ ಹುಡುಗಿ, ಹತ್ತು ವರ್ಷ. ಜೊತೆಗೆ ತಾಯಿ. ತಂದೆ ಬಂದಿರಲಿಲ್ಲ. ಎರಡು ದಿನದಿಂದ ಮಳೆ ಹೊಳವಾಗಿತ್ತು. ಅಷ್ಟರೊಳಗೆ ತೋಟಕ್ಕೆ ಬೋರ್ಡೋ ಔಷಧಿ ಹೊಡೆಸಿ ಮುಗಿಸದಿದ್ದರೆ ಕೊಳೆರೋಗ ಹಿಡಿದು ಎಳೆ ಅಡಿಕೆ ಉದುರುತ್ತದೆ. ಮಲೆನಾಡಿನ ಮಕ್ಕಳಿಗೆ ಚಿಕಿತ್ಸೆ ಕೊಡುವವರು ಈ ಲೆಕ್ಕವನ್ನೆಲ್ಲ ಮೊದಲೇ ಹಾಕಿಟ್ಟುಕೊಳ್ಳಬೇಕು. ಈ ಪ್ರಕರಣದಲ್ಲಿ ನಾನು ಅದನ್ನು ತಡವಾಗಿ ಹಾಕಿದೆ.

ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ಊರು, ಕುಟುಂಬದ ಕೆಲವು ವಿವರ ಬದಲಿಸಿದ್ದೇನೆ. ಹಲ್ಲಿನ ವಿಷಯದಲ್ಲಿ ಏನನ್ನೂ ಬದಲಿಸಿಲ್ಲ, ನಾನು ತಪ್ಪಿದ ಕಡೆಗಳನ್ನೂ ಸೇರಿಸಿ.

ತೊಂದರೆ ಇದ್ದದ್ದು ಮೇಲಿನ ಎಡಗಡೆ, ಮುಂದಿನ ದೊಡ್ಡ ಹಲ್ಲಿನ ಪಕ್ಕದ ಬಾಚಿಹಲ್ಲಿನಲ್ಲಿ. ಅದರ ಮೇಲಿನ ವಸಡಿನಲ್ಲಿ ಸಾಸಿವೆ ಕಾಳಿನಷ್ಟು ದೊಡ್ಡ ಗುಳ್ಳೆ. "ಬರುತ್ತೆ, ಒಡೆಯುತ್ತೆ, ಹೋಗುತ್ತೆ, ಮತ್ತೆ ಬರುತ್ತೆ. ಎಂತ ಮಾಡೋದು ಅಂತ್ಲೇ ಗೊತ್ತಾಗ್ತಿಲ್ಲ" ಎಂದರು ತಾಯಿ. ಹುಳುಕಿಲ್ಲ. ಬಿದ್ದು ಪೆಟ್ಟಾದ ನೆನಪಿಲ್ಲ. ಒಂದು ವರ್ಷದಲ್ಲಿ ಮೂರು ಸಲ ಆಂಟಿಬಯೋಟಿಕ್ ಆಗಿತ್ತು. ಪ್ರತಿ ಸಲವೂ ಗುಳ್ಳೆ ಅಡಗಿ, ತಿಂಗಳು ಎರಡು ತಿಂಗಳಿಗೆ ತಿರುಗಿ ಎದ್ದಿತ್ತು. ಕೊನೆಗೆ ಒಂದು ಕಡೆ, "ಇದು ಹುಟ್ಟುವಾಗಲೇ ಕೆಟ್ಟ ಹಲ್ಲು, ಬೇರೂ ಕೂಡಿಲ್ಲ, ರೂಟ್ ಕೆನಾಲ್ ಆಗೋದಿಲ್ಲ, ತೆಗೆಸಿಬಿಡಿ" ಎಂದಿದ್ದರಂತೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣಿಗೆ ತೊಂದರೆ ಎಂದು ಅಜ್ಜಿ ಹಟ ಹಿಡಿದದ್ದರಿಂದ ಹಲ್ಲು ಉಳಿದಿತ್ತು. ಆ ನಂಬಿಕೆಗೆ ಆಧಾರವಿಲ್ಲ. ಆದರೂ ಅಜ್ಜಿ ತಡೆದದ್ದಕ್ಕೆ ನಾನು ಋಣಿ.

ಹತ್ತು ವರ್ಷಕ್ಕೆ ಮುಂದಿನ ಹಲ್ಲು ತೆಗೆಸುವುದು ಸಣ್ಣ ಮಾತಲ್ಲ. ದವಡೆ ಬೆಳೆಯುವುದು ನಿಲ್ಲುವ ತನಕ ಇಂಪ್ಲಾಂಟ್ ಹಾಕುವ ಹಾಗಿಲ್ಲ, ಅಂದರೆ ಎಂಟೊಂಬತ್ತು ವರ್ಷ ಕಾಯಬೇಕು. ಅಷ್ಟರಲ್ಲಿ ಆ ಜಾಗದ ಮೂಳೆ ಕರಗಿ ತೆಳ್ಳಗಾಗುತ್ತದೆ, ಅಕ್ಕಪಕ್ಕದ ಹಲ್ಲು ವಾಲುತ್ತವೆ. ಬ್ರಿಡ್ಜ್ ಕಟ್ಟಲು ಪಕ್ಕದ ಒಳ್ಳೆಯ ಹಲ್ಲುಗಳನ್ನು ಕೊರೆಯುವುದು ಈ ವಯಸ್ಸಿನಲ್ಲಿ ಅನ್ಯಾಯ. ಹಾಗಾಗಿ ಈ ಹಲ್ಲು ಜೀವನಪೂರ್ತಿ ಉಳಿಯದಿದ್ದರೂ ಹದಿನೆಂಟು ದಾಟುವವರೆಗೆ ಉಳಿದರೂ ಲಾಭವೇ ಎಂದು ಮೊದಲ ದಿನವೇ ತಾಯಿಗೆ ಹೇಳಿದೆ.

ಹಲ್ಲಿನೊಳಗೆ ಮಡಚಿಕೊಂಡ ಹಲ್ಲು

ಬಾಯಿ ತೆರೆಸಿ ನೋಡಿದರೆ ಹಲ್ಲಿನ ಆಕಾರವೇ ಬೇರೆ. ಪಕ್ಕದ ಬಾಚಿಹಲ್ಲು ಸಹಜವಾಗಿ ತೆಳ್ಳಗೆ, ಪುಟ್ಟದಾಗಿರುತ್ತದೆ. ಇದು ಪೀಪಾಯಿಯ ಹಾಗೆ ದಪ್ಪ. ಅಂಗುಳದ ಕಡೆಯಲ್ಲಿ ಒಂದು ಹೊಂಡ, ಅದರ ಬಾಯಿ ಕಂದಾಗಿತ್ತು. ಎಕ್ಸ್‌ರೇಯಲ್ಲಿ ಬೇರಿನೊಳಗೆ ಹಲ್ಲಿನ ಗಟ್ಟಿ ಹೊರಪದರವಾದ ಎನಾಮಲ್ಲಿನಷ್ಟೇ ಬೆಳ್ಳಗಿನ ಇನ್ನೊಂದು ಗೆರೆ, ಪುಟ್ಟ ಹಲ್ಲೊಂದು ದೊಡ್ಡ ಹಲ್ಲಿನ ಹೊಟ್ಟೆಯಲ್ಲಿ ಕೂತ ಹಾಗೆ. ಬೇರಿನ ತುದಿ ಇನ್ನೂ ಅಗಲವಾಗಿ ತೆರೆದಿತ್ತು. ಪಕ್ಕದಲ್ಲಿ ಮೂಳೆ ಕರಗಿದ ಕಪ್ಪು ನೆರಳು.

ಇದನ್ನು ಡೆನ್ಸ್ ಇನ್‌ವ್ಯಾಜಿನೇಟಸ್ ಎನ್ನುತ್ತೇವೆ. ಹಲ್ಲು ಇನ್ನೂ ದವಡೆಯೊಳಗೆ ಮೆತ್ತಗಿದ್ದು ಗಟ್ಟಿಯಾಗುವ ಮೊದಲು, ಎನಾಮಲ್ ಕಟ್ಟುವ ಪದರವು ತಿರುಳು, ಅಂದರೆ ನರ ಮತ್ತು ರಕ್ತನಾಳಗಳಿರುವ ಒಳಗಿನ ಮೆತ್ತನೆಯ ಅಂಗಾಂಶ, ಆಗಬೇಕಾದ ಭಾಗದೊಳಕ್ಕೆ ಮಡಚಿಕೊಂಡು ಇಳಿಯುವುದರಿಂದ ಇದಾಗುತ್ತದೆ. ಕಾಲುಚೀಲದ ತುದಿಯನ್ನು ಬೆರಳಿನಿಂದ ಒಳಕ್ಕೆ ತಳ್ಳಿದರೆ ಹೊರಗಿನ ಬಟ್ಟೆಯೇ ಒಳಗೊಂದು ಕೊಳವೆಯಾಗುತ್ತದಲ್ಲ, ಹಾಗೆ. ಆ ಕೊಳವೆ ಹೊರನೋಟಕ್ಕೆ ಹಲ್ಲಿನ ಒಳಗೇ ಇದೆ, ಆದರೆ ಅದು ನಿಜವಾಗಿ ಬಾಯಿಯ ಭಾಗ: ಎಂಜಲು, ಅನ್ನದ ಅಗಳು, ಬ್ಯಾಕ್ಟೀರಿಯಾ ಸಲೀಸಾಗಿ ಇಳಿಯುತ್ತವೆ, ಬ್ರಷ್ ಇಳಿಯುವುದಿಲ್ಲ. ಕೊಳವೆಯ ತಳದಲ್ಲಿ ಎನಾಮಲ್ ತೀರಾ ತೆಳು, ಕೆಲವು ಕಡೆ ಇರುವುದೇ ಇಲ್ಲ. ಹುಳುಕೇ ಇಲ್ಲದೆ ಮಕ್ಕಳಿಗೆ ಕೀವು ಗುಳ್ಳೆ ಏಳುವುದು ಈ ದಾರಿಯಿಂದ. ಬಾಯಿಯ ಉಳಿದ ಹಲ್ಲುಗಳಿಗಿಂತ ಮೇಲಿನ ಪಕ್ಕದ ಬಾಚಿಹಲ್ಲುಗಳಲ್ಲೇ ಇದು ಹೆಚ್ಚು.

1957ರಲ್ಲಿ ಓಹ್ಲರ್ಸ್ ಮಾಡಿದ ವಿಂಗಡಣೆಯನ್ನೇ ಇಂದಿಗೂ ಬಳಸುತ್ತೇವೆ. ಮೊದಲ ಬಗೆಯಲ್ಲಿ ಮಡಿಕೆ ಹಲ್ಲಿನ ಕಾಣುವ ಭಾಗದಲ್ಲೇ ನಿಲ್ಲುತ್ತದೆ. ಎರಡನೆಯದರಲ್ಲಿ ಬೇರಿನೊಳಗೂ ಇಳಿದು ಮುಚ್ಚಿದ ಚೀಲದ ಹಾಗೆ ಕೊನೆಯಾಗುತ್ತದೆ. ಮೂರನೆಯದರಲ್ಲಿ ಬೇರನ್ನು ತೂರಿಕೊಂಡು ಹೋಗಿ, ಪಕ್ಕದಲ್ಲೋ ತುದಿಯಲ್ಲೋ ಹೊರಗೆ ಬಾಯಿ ತೆರೆಯುತ್ತದೆ. ಈ ಮೂರನೇ ಬಗೆಯಲ್ಲಿ ಮಡಿಕೆಗೂ ತಿರುಳಿಗೂ ಸಾಮಾನ್ಯವಾಗಿ ನೇರ ಸಂಪರ್ಕ ಇರುವುದಿಲ್ಲ. ಪುಸ್ತಕದಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುವ ಈ ಮಾತು ನನಗೆ ಆವತ್ತು ಸರಿಯಾದ ಹೊತ್ತಿಗೆ ನೆನಪಾಗಲಿಲ್ಲ.

ಕಾರ್ಡಿನಲ್ಲಿ ಬರೆದು ಹೊಡೆದುಹಾಕಿದ ಸಾಲು

ಗುಳ್ಳೆ ಇದೆ, ನೆರಳು ಇದೆ. ಮೈನಸ್ 26 ಡಿಗ್ರಿಯ ತಣ್ಣನೆಯ ಸ್ಪ್ರೇಯನ್ನು ಹತ್ತಿಗೆ ಹೊಡೆದು ಹಲ್ಲಿಗೆ ಹಚ್ಚಿದೆ. ಹುಡುಗಿ ಏನೂ ಹೇಳಲಿಲ್ಲ. ಕಾರ್ಡಿನಲ್ಲಿ ಬರೆದೆ: ತಿರುಳು ಸತ್ತಿದೆ, ರೂಟ್ ಕೆನಾಲ್. ಆ ಹೊತ್ತಿಗೇ ಹಲ್ಲು ಕೊರೆದಿದ್ದರೆ ಈ ಪ್ರಕರಣ ಬರೆಯುವಂಥದ್ದೇನೂ ಇರುತ್ತಿರಲಿಲ್ಲ.

ತಡೆದದ್ದು ಒಂದು ಸಣ್ಣ ಅಭ್ಯಾಸ. ಗುಳ್ಳೆಗೆ ಬಾಯಿ ಇದ್ದರೆ ಅದರೊಳಗೆ ರಬ್ಬರಿನಂತೆ ಬಾಗುವ ತೆಳ್ಳನೆಯ ಗಟ್ಟಾ ಪರ್ಚಾ ಕಡ್ಡಿಯೊಂದನ್ನು ಮೆಲ್ಲಗೆ ತೂರಿಸಿ ಎಕ್ಸ್‌ರೇ ತೆಗೆಯುತ್ತೇನೆ. ಕೀವು ಬಂದ ದಾರಿಯಲ್ಲೇ ಕಡ್ಡಿ ಹಿಂದಕ್ಕೆ ಹೋಗಿ, ಎಲ್ಲಿಂದ ಬಂತೆಂದು ತೋರಿಸುತ್ತದೆ. ತಿರುಳು ಸತ್ತಿದ್ದರೆ ಕಡ್ಡಿ ಬೇರಿನ ತುದಿಗೆ ಹೋಗಬೇಕಿತ್ತು. ಹೋಗಲಿಲ್ಲ. ಬೇರಿನ ನಡುಮಟ್ಟಕ್ಕಿಂತ ತುಸು ಮೇಲೆ, ಪಕ್ಕದಲ್ಲಿ ನಿಂತಿತ್ತು. ತುದಿಯ ಸುತ್ತಲಿನ ಮೂಳೆಯ ಗೆರೆ ಅಖಂಡವಾಗಿ ಕಾಣುತ್ತಿತ್ತು.

ಮತ್ತೆ ತಣ್ಣನೆಯ ಪರೀಕ್ಷೆ ಮಾಡಿದೆ, ಈ ಸಲ ಅವಸರವಿಲ್ಲದೆ. ಮೊದಲು ಬಲಗಡೆಯ ಅದೇ ಹಲ್ಲಿಗೆ ಹಚ್ಚಿ, "ಹೀಗೆ ಜುಂ ಅಂದ ಕೂಡಲೇ ಕೈ ಎತ್ತು" ಎಂದು ಕಲಿಸಿದೆ. ಆಮೇಲೆ ಎಡಗಡೆ, ತುಟಿಯ ಬದಿಗೆ. ನಾಲ್ಕೈದು ಸೆಕೆಂಡ್ ಕಳೆದು ಕೈ ಎತ್ತಿದಳು. ಐದು ನಿಮಿಷ ಬಿಟ್ಟು ಮತ್ತೆ, ಇನ್ನೊಮ್ಮೆ. ಮೂರೂ ಸಲ ಕೈ ಎದ್ದಿತು. ಮೊದಲು ನಾನು ಹಚ್ಚಿದ್ದು ಅಂಗುಳದ ಬದಿಗೆ, ಮಡಿಕೆಯ ಮೇಲೇ. ಅಲ್ಲಿ ತಣ್ಣನೆ ತಿರುಳಿಗೆ ಮುಟ್ಟುವುದಾದರೂ ಹೇಗೆ? ಜೊತೆಗೆ ಮಗು ಹೆದರಿತ್ತು, ಏನು ಹೇಳಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ವಿದ್ಯುತ್ ಪರೀಕ್ಷೆಯನ್ನು ನಾನು ಮಾಡಲಿಲ್ಲ. ಬೇರು ಕೂಡದ ಹಲ್ಲಿನಲ್ಲಿ ನರದ ಎಳೆಗಳು ಇನ್ನೂ ಪೂರ್ತಿ ಬೆಳೆದಿರುವುದಿಲ್ಲ, ಆ ಯಂತ್ರದ ಉತ್ತರವನ್ನು ನಂಬುವ ಹಾಗಿಲ್ಲ.

ಕಾರ್ಡಿನ ಸಾಲನ್ನು ಹೊಡೆದುಹಾಕಿದೆ.

ಸಿಬಿಸಿಟಿ ಸ್ಕ್ಯಾನ್ (ಹಲ್ಲನ್ನು ಮೂರು ಆಯಾಮದಲ್ಲಿ ತೋರಿಸುವ ಎಕ್ಸ್‌ರೇ) ಬೇಕೇ ಎಂಬುದು ಮುಂದಿನ ಪ್ರಶ್ನೆ. ಮಕ್ಕಳಿಗೆ ವಿಕಿರಣ ತಾಗಿಸುವಾಗ ಕೈ ಹಿಂದೆಮುಂದೆ ನೋಡಬೇಕಾದದ್ದೇ. ಆದರೆ ಸಾದಾ ಎಕ್ಸ್‌ರೇ ಮೂರು ಆಯಾಮದ ಹಲ್ಲನ್ನು ಹಾಳೆಯ ಮೇಲೆ ಚಪ್ಪಟೆ ಮಾಡಿ ತೋರಿಸುತ್ತದೆ. ಮಡಿಕೆ ತಿರುಳಿನ ಹಿಂದಿದೆಯೋ, ಪಕ್ಕದಲ್ಲಿದೆಯೋ, ನಡುವಿನ ಗೋಡೆ ಎಷ್ಟು ದಪ್ಪವೋ ಅದರಲ್ಲಿ ತಿಳಿಯುವುದಿಲ್ಲ. ಇಂಥ ವಿರೂಪದ ಹಲ್ಲುಗಳಿಗೆ ಸಣ್ಣ ವ್ಯಾಪ್ತಿಯ ಸ್ಕ್ಯಾನ್ ಸಮರ್ಥನೀಯ ಎಂದು ಎಂಡೋಡಾಂಟಿಕ್ (ರೂಟ್ ಕೆನಾಲ್ ತಜ್ಞರ) ಸಂಘಟನೆಗಳ ನಿಲುವೂ ಇದೆ. ಆ ಒಂದೇ ಮೂಲೆ ಸಾಕು, ಇಡೀ ದವಡೆ ಬೇಡ ಎಂದು ಚೀಟಿಯಲ್ಲಿ ಬರೆದು ಕಳಿಸಿದೆ. ಈ ಜಿಪುಣತನ ಸರಿಯೇ ಆಗಿತ್ತು. ಅದರಿಂದ ತಪ್ಪಿಹೋದದ್ದೇನು ಎಂಬುದನ್ನು ಮುಂದೆ ಹೇಳುತ್ತೇನೆ.

ಸ್ಕ್ಯಾನಿನಲ್ಲಿ ಎಲ್ಲ ತಿಳಿಯಾಯಿತು. ಮಡಿಕೆ ಅಂಗುಳದ ಕಡೆಯಿಂದ ಇಳಿದು ಬೇರಿನ ಪಕ್ಕದಲ್ಲಿ ಹೊರಗೆ ತೆರೆದಿತ್ತು. ಮೂಳೆ ಕರಗಿದ್ದು ಆ ಬಾಯಿಯ ಸುತ್ತ ಮಾತ್ರ. ನಿಜವಾದ ತಿರುಳು ಮಡಿಕೆಯನ್ನು ಅರ್ಧಚಂದ್ರದ ಹಾಗೆ ಬಳಸಿಕೊಂಡು, ತನ್ನದೇ ತುದಿಯಲ್ಲಿ ಆರೋಗ್ಯವಾಗಿ ಕೊನೆಯಾಗಿತ್ತು. ನಡುವಿನ ಗೋಡೆ ಒಂದು ಕಡೆ ತೀರಾ ತೆಳ್ಳಗಿದ್ದರೂ ಎಲ್ಲೂ ತೂತಾಗಿರಲಿಲ್ಲ.

ತಂದೆಗೆ ಫೋನಿನಲ್ಲಿ ವಿವರಿಸಬೇಕಾಯಿತು. "ನಿಮ್ಮ ಹಿತ್ತಲಲ್ಲಿ ಎರಡು ಬಾವಿ ಇದೆ ಅಂದ್ಕೊಳ್ಳಿ. ಒಂದರ ನೀರು ಕೆಟ್ಟಿದೆ, ಇನ್ನೊಂದರಲ್ಲಿ ಒರತೆ ಚೆನ್ನಾಗಿದೆ. ನಡುವೆ ಒಂದೇ ಗೋಡೆ. ಕೆಟ್ಟದ್ದನ್ನು ತೊಳೆದು ಮುಚ್ಚೋಣ, ಒಳ್ಳೇದಕ್ಕೆ ಕೈ ಹಾಕೋದು ಬೇಡ" ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಗೋಡೆ ಕುಸಿದ್ರೆ?" ಎಂದು ಕೇಳಿದರು. ನಾನು ಕೇಳಿಕೊಳ್ಳಬೇಕಾದ ಪ್ರಶ್ನೆಯೂ ಅದೇ.

ಕುಸಿದರೆ ಏನು ಎಂಬುದನ್ನು ಮೊದಲೇ ಹೇಳಿದೆ. ತಿರುಳು ಸತ್ತರೆ ಬೇರು ಬೆಳೆಯುವುದು ಅಲ್ಲಿಗೇ ನಿಲ್ಲುತ್ತದೆ. ಹಿಂದೆಲ್ಲ ತಿಂಗಳುಗಟ್ಟಲೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಔಷಧಿ ತುಂಬಿ ತುದಿ ಮುಚ್ಚುವ ತನಕ ಕಾಯುತ್ತಿದ್ದರು. 2002ರಲ್ಲಿ ಆಂಡ್ರಿಯಾಸೆನ್ ಮತ್ತು ಸಂಗಡಿಗರು ಕುರಿಯ ಹಲ್ಲುಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಅದು ದೀರ್ಘಕಾಲ ಒಳಗಿದ್ದರೆ ಬೇರು ಮುರುಕಲಾಗುತ್ತದೆ ಎಂದು ಕಂಡಿತು. ಈಗ ಎರಡು ದಾರಿಗಳಿವೆ. ತೆರೆದ ತುದಿಗೆ ಎಂಟಿಎ (ಮಿನರಲ್ ಟ್ರೈಆಕ್ಸೈಡ್ ಅಗ್ರಿಗೇಟ್) ಎಂಬ ಸಿಮೆಂಟಿನ ಬಿರಡೆ ಹಾಕಿ ಉಳಿದದ್ದನ್ನು ತುಂಬುವುದು ಒಂದು. ಸೋಂಕು ಕಳೆದ ಮೇಲೆ ತುದಿಯಾಚೆಯಿಂದ ರಕ್ತ ಬರಿಸಿ, ಆ ಹೆಪ್ಪಿನ ಮೇಲೆ ಹೊಸ ಅಂಗಾಂಶ ಬೆಳೆಯಲು ಬಿಡುವುದು ಇನ್ನೊಂದು. 2001ರಲ್ಲಿ ಜಪಾನಿನ ಇವಾಯಾ ತಂಡವೂ 2004ರಲ್ಲಿ ಬ್ಯಾಂಕ್ಸ್ ಮತ್ತು ಟ್ರೋಪ್ ಅವರೂ ಕೆಳದವಡೆಯ ಎಳೆಯ ಹಲ್ಲುಗಳಲ್ಲಿ ಸೋಂಕು ಕಳೆದ ಮೇಲೆ ಬೇರು ಮತ್ತೆ ಬೆಳೆಯಬಲ್ಲದೆಂದು ತೋರಿಸಿಕೊಟ್ಟರು. ಎರಡೂ ಒಳ್ಳೆಯ ದಾರಿಗಳೇ. ಆದರೆ ಬೇರು ಬೆಳೆಸುವುದರಲ್ಲಿ ಜೀವಂತ ತಿರುಳಿನ ಸಮಕ್ಕೆ ಎರಡೂ ಬರುವುದಿಲ್ಲ. "ಹಾಗಾದ್ರೆ ಒಳ್ಳೇ ಬಾವಿ ಮುಟ್ಟೋದು ಬೇಡ" ಎಂದರು ತಂದೆ.

ಕೊರೆತ, ಮತ್ತು ಆರು ವಾರದ ಮಳೆ

ಮಡಿಕೆಯನ್ನು ತೆರೆಯುವ ದಿನ ನಾನು ಮಾಡಿದ ಒಂದು ನಿರ್ಧಾರದ ಬಗ್ಗೆ ಸಹೋದ್ಯೋಗಿಗಳಲ್ಲಿ ಭಿನ್ನಾಭಿಪ್ರಾಯ ಬರಬಹುದು. ಅರಿವಳಿಕೆಯ ಚುಚ್ಚುಮದ್ದು ಕೊಡಲಿಲ್ಲ. ಎಂಜಲು ತಾಗದಂತೆ ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಹಾಳೆಯ (ರಬ್ಬರ್ ಡ್ಯಾಮ್) ಹಿಡಿಕೆ ಕೂರುವ ಕಡೆ ವಸಡಿಗೆ ಜೆಲ್ ಹಚ್ಚಿದೆ, ಅಷ್ಟೆ. ಸತ್ತ ಮಡಿಕೆಯಲ್ಲಿ ನೋವಿಲ್ಲ. ಕೊರೆಯುವ ಬರ್ ದಾರಿ ತಪ್ಪಿ ಜೀವಂತ ತಿರುಳಿನ ಕಡೆಗೆ ತಿರುಗಿದರೆ ಮೊದಲು ಗೊತ್ತಾಗುವುದು ಹುಡುಗಿಗೆ. "ಜುಂ ಅಂದ್ರೆ ಎಡಗೈ ಎತ್ತು, ಆ ಕ್ಷಣ ನಿಲ್ಲಿಸ್ತೀನಿ, ಆಮೇಲೆ ಬೇಕಾದ್ರೆ ಇಂಜೆಕ್ಷನ್ ಕೊಡ್ತೀನಿ" ಎಂದು ಮಾತು ಕೊಟ್ಟೆ. ಮಾತು ಉಳಿಸಿಕೊಳ್ಳುತ್ತೇನೆ ಎಂದು ಅವಳಿಗೆ ನಂಬಿಕೆ ಬರಲೆಂದು, ಏನೂ ಮಾಡದೆ ಎರಡು ಸಲ ಸುಮ್ಮನೆ ಕೈ ಎತ್ತಿಸಿ, ಎರಡು ಸಲವೂ ನಿಲ್ಲಿಸಿ ತೋರಿಸಿದೆ. ಧೈರ್ಯವಿಲ್ಲದ ಮಗುವಾಗಿದ್ದರೆ ಈ ದಾರಿ ಹಿಡಿಯುತ್ತಿರಲಿಲ್ಲ.

ಮೈಕ್ರೋಸ್ಕೋಪಿನ ಕೆಳಗೆ ಹೊಂಡದ ಬಾಯನ್ನು ಸಣ್ಣ ಡೈಮಂಡ್ ಬರ್‌ನಿಂದ ಅಗಲಿಸಿದೆ. ಮಡಿಕೆಯೊಳಗಿನ ಗೋಡೆ ಎನಾಮಲ್ಲಿನದು, ನಾಳ ಕೆರೆಯುವ ನಮ್ಮ ಫೈಲುಗಳು (ಸೂಜಿಯಂಥ ಉಪಕರಣ) ಅದನ್ನು ಕೆರೆಯುವುದಿಲ್ಲ, ಜಾರುತ್ತವೆ. ಸಾಮಾನ್ಯ ರೂಟ್ ಕೆನಾಲಿನ ಲಯದಲ್ಲಿ ಹೋದರೆ ಇಲ್ಲಿ ಫೈಲು ಮುರಿಯುತ್ತದೆ, ಇಲ್ಲವೇ ತೆಳ್ಳನೆಯ ಗೋಡೆ ತೂತಾಗುತ್ತದೆ. ಆಕಾರ ಕೊಡುವ ಆಸೆ ಬಿಟ್ಟು ತೊಳೆಯುವುದನ್ನೇ ನೆಚ್ಚಿಕೊಂಡೆ. ಸೋಂಕು ಕೊಲ್ಲುವ ಶೇಕಡಾ 1.5ರ ಸೋಡಿಯಂ ಹೈಪೋಕ್ಲೋರೈಟ್, ಪಕ್ಕದಲ್ಲಿ ತೂತಿರುವ ಸೂಜಿ, ತೆರೆದ ಬಾಯಿಗಿಂತ ಎರಡು ಮಿಲಿಮೀಟರ್ ಹಿಂದೆಯೇ ನಿಲ್ಲಿಸಿ, ಬೆರಳಿಗೆ ಒತ್ತಡವೇ ಇಲ್ಲವೆಂಬಷ್ಟು ನಿಧಾನ. ಈ ದ್ರಾವಣ ಬೇರಿನಾಚೆ ಹೋದರೆ ಕ್ಷಣಮಾತ್ರದಲ್ಲಿ ಮುಖ ಊದಿ ಅಸಾಧ್ಯ ನೋವಾಗುತ್ತದೆ. ಬಾಯಿ ಅಗಲವಾಗಿ ತೆರೆದ ಇಂಥ ಹಲ್ಲಿನಲ್ಲಿ ಆ ಅಪಾಯ ಹೆಚ್ಚು. ನಡುನಡುವೆ ಅಲ್ಟ್ರಾಸೋನಿಕ್ ತುದಿಯಿಂದ ದ್ರಾವಣವನ್ನು ಕದಡಿದೆ. ಬಂದ ಕೊಳೆ ನೋಡಿ ಸಹಾಯಕಿಯೇ ಮುಖ ಸಿಂಡರಿಸಿದರು. ಕೊನೆಗೆ ಶೇಕಡಾ 17ರ ಇಡಿಟಿಎ ದ್ರಾವಣ, ಸಲೈನ್ ಹಾಕಿ ತೊಳೆದು, ಒಣಗಿಸಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ತುಂಬಿದೆ. ಹುಡುಗಿ ಒಮ್ಮೆಯೂ ಕೈ ಎತ್ತಲಿಲ್ಲ.

ಮೇಲೆ ಮೆತ್ತನೆಯ ತಾತ್ಕಾಲಿಕ ಸಿಮೆಂಟು ಹಾಕಿ, ಮೂರು ವಾರ ಬಿಟ್ಟು ಬರಲು ಹೇಳಿ ಕಳಿಸಿದೆ. ಇಲ್ಲಿ ತಪ್ಪಿದೆ. ಪೇಟೆಯ ರೋಗಿಗೆ ಹೇಳುವ ಮಾತನ್ನೇ ಮಳೆಗಾಲದ ಮಲೆನಾಡಿನ ರೋಗಿಗೂ ಹೇಳಿದೆ.

ಅವರು ಬಂದದ್ದು ಆರು ವಾರಕ್ಕೆ. ಮಳೆ ಮತ್ತೆ ಹಿಡಿದಿತ್ತು. ಶಾಲೆಗಳಿಗೆ ರಜೆ, ಅವರೂರಿನ ದಾರಿಗೆ ಮರ ಬಿದ್ದು ಬಸ್ಸು ಬಂದಿರಲಿಲ್ಲ, ಮನೆಯಲ್ಲಿ ಅಜ್ಜಿಗೆ ಜ್ವರ. ಒಂದು ಫೋನು ಬಂದಿತ್ತು, "ಮುಂದಿನ ವಾರ ಬರ್ತೀವಿ" ಎಂದು. ನಾನೂ ಸರಿ ಎಂದು ಸುಮ್ಮನಾಗಿದ್ದೆ. ಬಾಯಿ ತೆರೆಸಿದಾಗ ತಾತ್ಕಾಲಿಕ ಸಿಮೆಂಟು ಅರ್ಧ ಕಿತ್ತುಹೋಗಿತ್ತು. ನಡುವೆ ಮುಚ್ಚಿಕೊಂಡಿದ್ದ ಗುಳ್ಳೆ ನಾಲ್ಕು ದಿನದ ಹಿಂದೆ ತಿರುಗಿ ಎದ್ದಿತ್ತೆಂದು ತಾಯಿ ಹೇಳಿದರು.

ಮೆತ್ತನೆಯ ಆ ಸಿಮೆಂಟು ಎಂಜಲನ್ನು ತಡೆಯಬೇಕಾದರೆ ಕನಿಷ್ಠ ಮೂರೂವರೆ ಮಿಲಿಮೀಟರ್ ದಪ್ಪ ಇರಬೇಕು. ನಾನು ಅಷ್ಟು ಹಾಕಿದ್ದೆನೆಂದು ನೆಚ್ಚಿ ಹೇಳಲಾರೆ. ಹಾಕಿದ್ದರೂ ಅದು ಒಂದೆರಡು ವಾರದ ವಸ್ತು. ಈಗ ನನ್ನ ಕ್ಲಿನಿಕ್ಕಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಘಟ್ಟದ ಕಡೆಯಿಂದ ಬರುವವರಿಗೆ ಎರಡು ವಿಸಿಟ್ ನಡುವೆ ಮೇಲ್ಪದರ ಗ್ಲಾಸ್ ಅಯಾನಮರ್ ಅಥವಾ ಕಾಂಪೋಸಿಟ್, ಎರಡೂ ಹಲ್ಲಿಗೆ ಗಟ್ಟಿಯಾಗಿ ಅಂಟುವ ತುಂಬುವ ವಸ್ತುಗಳು. ತೆಗೆಯಲು ಹತ್ತು ನಿಮಿಷ ಹೆಚ್ಚು ಹಿಡಿಯುತ್ತದೆ. ಮೂರು ತಿಂಗಳು ತಡವಾದರೂ ಜಾಗ ಬಿಡುವುದಿಲ್ಲ.

ಅವತ್ತು ಮುಗಿಸಿಬಿಡುವ ಒತ್ತಡ ಇತ್ತು. ಇಷ್ಟು ದೂರದಿಂದ ಬಂದಿದ್ದಾರೆ, ಇನ್ನೊಮ್ಮೆ ಬಾ ಎನ್ನುವುದು ಹೇಗೆ ಎಂದು ಮನಸ್ಸು ಎಳೆಯುತ್ತಿತ್ತು. ಆದರೆ ಕೀವಿರುವ ಮಡಿಕೆಗೆ ಬಿರಡೆ ಹಾಕುವುದೆಂದರೆ ಕೆಟ್ಟ ನೀರನ್ನು ಒಳಗಿಟ್ಟೇ ಬಾವಿ ಮುಚ್ಚಿದ ಹಾಗೆ. ಮತ್ತೆ ತೊಳೆದು, ಮತ್ತೆ ಔಷಧಿ ಹಾಕಿ, ಈ ಸಲ ಗಟ್ಟಿಯಾಗಿ ಮುಚ್ಚಿದೆ. ತಣ್ಣನೆಗೆ ತಿರುಳು ಇನ್ನೂ ಉತ್ತರ ಕೊಡುತ್ತಿತ್ತು. ಅದೊಂದೇ ಸಮಾಧಾನ.

ತಾಯಿ ಕಂಡದ್ದು

ಎಲ್ಲ ಮುಗಿಸಿ ಕುರ್ಚಿ ಮೇಲೆತ್ತುವಾಗ ತಾಯಿ ಹತ್ತಿರ ಬಂದು, "ಡಾಕ್ಟ್ರೇ, ಈ ಕಡೆ ಹಲ್ಲಿನ ಹಿಂದೂ ಅಂಥದ್ದೇ ಒಂದು ಚುಕ್ಕಿ ಇದೆಯಲ್ಲ?" ಎಂದರು. ಮನೆಯಲ್ಲಿ ಟಾರ್ಚ್ ಹಿಡಿದು ಗುಳ್ಳೆ ನೋಡುತ್ತ ನೋಡುತ್ತ ಅವರಿಗೆ ಮಗಳ ಬಾಯಿ ನನಗಿಂತ ಚೆನ್ನಾಗಿ ಗೊತ್ತಾಗಿತ್ತು.

ಬಲಗಡೆಯ ಪಕ್ಕದ ಬಾಚಿಹಲ್ಲು. ತಣ್ಣನೆಯ ಪರೀಕ್ಷೆಗೆ 'ಸರಿಯಾದ ಹಲ್ಲು' ಎಂದು ನಾನೇ ಆರಿಸಿಕೊಂಡಿದ್ದ ಹಲ್ಲು. ಕನ್ನಡಿ ಹಿಡಿದು ಅದರ ಹಿಂಬದಿ ನೋಡಿರಲಿಲ್ಲ. ಸ್ಕ್ಯಾನಿನ ಸಣ್ಣ ಚೌಕದೊಳಗೂ ಅದು ಬಂದಿರಲಿಲ್ಲ. ಈ ವಿರೂಪ ಎರಡೂ ಕಡೆ ಕಾಣಿಸಿಕೊಳ್ಳುವುದು ಅಪರೂಪವಲ್ಲ ಎಂದು ಗೊತ್ತಿದ್ದೂ ನೋಡಿರಲಿಲ್ಲ. ನನ್ನ ಗಮನವನ್ನೆಲ್ಲ ಎಡಗಡೆಯ ಹಲ್ಲೇ ತಿಂದುಬಿಟ್ಟಿತ್ತು.

ಎಕ್ಸ್‌ರೇಯಲ್ಲಿ ಅಲ್ಲಿಯೂ ಮಡಿಕೆ ಕಂಡಿತು, ಬೇರಿನ ಕುತ್ತಿಗೆಯನ್ನು ಸ್ವಲ್ಪವೇ ದಾಟಿದ ಎರಡನೇ ಬಗೆಯದು. ಬೇರಿನ ಸುತ್ತ ಎಲ್ಲ ಸ್ವಚ್ಛ. ಆಗಲೇ ಹೊಂಡವನ್ನು ಶುಚಿ ಮಾಡಿ, ಆಸಿಡ್ ಹಚ್ಚಿ, ಹರಿಯುವ ಕಾಂಪೋಸಿಟ್ ಇಳಿಸಿ, ನೀಲಿ ದೀಪ ಹಿಡಿದೆ. ತಂದೆಗೆ ಫೋನಿನಲ್ಲಿ ತಿಳಿಸಿದಾಗ, "ಅಂದ್ರೆ ಕೊಳೆ ಬರೋ ಮುಂಚೆ ಔಷಧಿ ಹೊಡೆದಂಗೆ" ಎಂದರು. ಅದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಮುಚ್ಚಿದ ದಿನ, ಮತ್ತು ಬೂದಿ ಬಣ್ಣ

ಅಕ್ಟೋಬರಿನ ಮೊದಲ ವಾರ, ಅಡಿಕೆ ಕೊಯ್ಲು ಜೋರಾಗುವ ಮೊದಲು ಬಂದರು. ಈ ಸಲ ತಂದೆಯೂ ಬಂದಿದ್ದರು. ಗುಳ್ಳೆಯ ಜಾಗದಲ್ಲಿ ಸಣ್ಣ ಕಲೆ ಮಾತ್ರ. ಮಡಿಕೆ ಒಣಗಿತ್ತು, ವಾಸನೆಯಿಲ್ಲ. ಪಕ್ಕದ ತೆರೆದ ಬಾಯಿಗೆ ಎಂಟಿಎ ಹಾಕಿ ಮುಚ್ಚಿದೆ. ಅಮೆರಿಕದ ಲೋಮಾ ಲಿಂಡಾದಲ್ಲಿ ಟೊರಾಬಿನೆಜಾದ್ ಅಭಿವೃದ್ಧಿಪಡಿಸಿದ, 1993ರಲ್ಲಿ ಮೊದಲು ವರದಿಯಾದ ಈ ಸಿಮೆಂಟಿನ ಗುಣವೆಂದರೆ ತೇವದಲ್ಲೂ ಗಟ್ಟಿಯಾಗುತ್ತದೆ, ಅಂಗಾಂಶ ಅದನ್ನು ಸಹಿಸಿಕೊಳ್ಳುತ್ತದೆ. ಒದ್ದೆ ಹತ್ತಿ ಇಟ್ಟು, ಮರುದಿನ ಗಟ್ಟಿಯಾದದ್ದನ್ನು ನೋಡಿಕೊಂಡು ಮುಂದುವರಿದೆ. ಅವರು ಆ ರಾತ್ರಿ ಶಿವಮೊಗ್ಗದ ನೆಂಟರ ಮನೆಯಲ್ಲಿ ಉಳಿದಿದ್ದರು.

ಮಡಿಕೆಯ ಉಳಿದ ಭಾಗಕ್ಕೆ ಕಾಯಿಸಿದ ಗಟ್ಟಾ ಪರ್ಚಾ ಹಾಕಬಹುದಿತ್ತು. ಗೋಡೆ ತೆಳು, ಒಳಗಿನ ಆಕಾರ ಅಂಕುಡೊಂಕು, ಒತ್ತುವುದು ಬೇಡವೆಂದು ಅಲ್ಲಿಗೂ ಎಂಟಿಎಯನ್ನೇ ತುಂಬಿದೆ, ಹಲ್ಲಿನ ಕುತ್ತಿಗೆಯ ಮಟ್ಟದ ತನಕ. ಮೇಲೆ ಕಾಂಪೋಸಿಟ್. ಬಿಳಿ ಎಂಟಿಎ ಎಂದು ನೆಚ್ಚಿದ್ದೆ.

ಮೂರು ತಿಂಗಳಿಗೆ ಗುಳ್ಳೆಯಿಲ್ಲ. ಆರು ತಿಂಗಳಿಗೆ ನೆರಳು ಕಾಲುಭಾಗಕ್ಕೆ ಇಳಿದಿತ್ತು. ಹನ್ನೆರಡು ತಿಂಗಳ ಎಕ್ಸ್‌ರೇಯನ್ನು ಹಳೆಯದರ ಪಕ್ಕಕ್ಕಿಟ್ಟು ನಾನು ಬಹಳ ಹೊತ್ತು ನೋಡಿದೆ. ಬೇರು ಉದ್ದವಾಗಿತ್ತು. ಗೋಡೆ ದಪ್ಪವಾಗಿತ್ತು. ಅಗಲವಾಗಿ ತೆರೆದಿದ್ದ ತುದಿ ಕಿರಿದಾಗಿ ಕೂಡುತ್ತ ಬಂದಿತ್ತು. ಮುಟ್ಟದೆ ಬಿಟ್ಟ ತಿರುಳು ತನ್ನ ಕೆಲಸ ಮಾಡಿತ್ತು. ತಣ್ಣನೆಗೆ ಹುಡುಗಿ ಈಗ ಎರಡು ಸೆಕೆಂಡಿಗೇ ಕೈ ಎತ್ತುತ್ತಾಳೆ.

ನಾನು ಆ ಸಂತೋಷದಲ್ಲಿದ್ದಾಗ ಅವಳು ತುಟಿ ಮುಚ್ಚಿಕೊಂಡೇ ಕೂತಿದ್ದಳು. ತಾಯಿ ಹೇಳಿದರು: ಶಾಲೆಯ ವಾರ್ಷಿಕೋತ್ಸವಕ್ಕೆ ಪ್ರತಿವರ್ಷ ಹಾಡುತ್ತಿದ್ದವಳು ಈ ಸಲ ಹೆಸರೇ ಕೊಟ್ಟಿಲ್ಲ. ವಸಡಿನ ಹತ್ತಿರ ಹಲ್ಲಿಗೆ ಬೂದಿ ಬಣ್ಣ ಇಳಿದಿತ್ತು. ಎಕ್ಸ್‌ರೇ ನೋಡುವ ಕಣ್ಣಿಗೆ ಮಗುವಿನ ನಗು ಕಂಡಿರಲಿಲ್ಲ.

ಕಾರಣ ನನ್ನದೇ. ಎಂಟಿಎ ಎಕ್ಸ್‌ರೇಯಲ್ಲಿ ಕಾಣಲೆಂದು ಅದರಲ್ಲಿ ಬಿಸ್ಮತ್ ಆಕ್ಸೈಡ್ ಸೇರಿಸಿರುತ್ತಾರೆ. ಹೈಪೋಕ್ಲೋರೈಟ್ ತಾಗಿದರೆ ಅದು ಕಪ್ಪಾಗುತ್ತದೆ, ಬಿಳಿಯ ಬಗೆಯಲ್ಲೂ. ಮುಂದಿನ ಹಲ್ಲಿನಲ್ಲಿ ಅದನ್ನು ವಸಡಿನ ಅಂಚಿಗಿಂತ ಎರಡು ಮಿಲಿಮೀಟರ್ ಆದರೂ ಒಳಗೆ ನಿಲ್ಲಿಸಬೇಕಿತ್ತು, ಅಥವಾ ಬಿಸ್ಮತ್ ಬದಲು ಜಿರ್ಕೋನಿಯಂ ಆಕ್ಸೈಡ್ ಇರುವ ಬಯೋಡೆಂಟಿನ್‌ನಂಥದ್ದನ್ನು ಬಳಸಬೇಕಿತ್ತು. ಮಡಿಕೆಯ ಬಾಯಿ ಮುಚ್ಚುವುದರ ಬಗ್ಗೆ ಅಷ್ಟೆಲ್ಲ ಯೋಚಿಸಿದವನು ಬಣ್ಣದ ಬಗ್ಗೆ ಯೋಚಿಸಿರಲಿಲ್ಲ. ಹುಡುಗಿಗೆ ನೇರವಾಗಿ ಹೇಳಿದೆ: "ಇದು ನಿನ್ನ ಹಲ್ಲಿನ ತಪ್ಪಲ್ಲ, ನಾನು ಹಾಕಿದ ಔಷಧಿ ಬಣ್ಣ ಬಿಟ್ಟಿದೆ. ಸರಿ ಮಾಡ್ತೀನಿ." ಮೇಲಿನ ಪದರ ತೆಗೆದು, ಎಂಟಿಎಯನ್ನು ಮೈಕ್ರೋಸ್ಕೋಪಿನ ಕೆಳಗೆ ವಸಡಿನ ಮಟ್ಟಕ್ಕಿಂತ ಒಳಗಿನ ತನಕ ಕೆರೆದು, ತೆಳುಬಣ್ಣದ ಕಾಂಪೋಸಿಟ್ ತುಂಬಿದೆ. ತುಟಿಯ ಬದಿಗೆ ತೆಳ್ಳನೆಯ ಪದರವೊಂದನ್ನು ಕಟ್ಟಿ ಪೀಪಾಯಿ ಆಕಾರವನ್ನೂ ಕೊಂಚ ತಿದ್ದಿದೆ. ಶುಲ್ಕ ತೆಗೆದುಕೊಳ್ಳಲಿಲ್ಲ. ಪೂರ್ತಿ ಬಣ್ಣ ಹೋಗಿಲ್ಲ. ಬೆಳಕಿಗೆ ತಿರುಗಿಸಿ ನೋಡಿದರೆ ನನಗೆ ಕಾಣುತ್ತದೆ. ಅವಳು ಕನ್ನಡಿ ಹಿಡಿದು, ಹಲ್ಲು ಬಿಟ್ಟು, ತಿರುಗಿಸಿ ತಿರುಗಿಸಿ ನೋಡಿ, ಸಾಕು ಎಂದಳು. ವಾರ್ಷಿಕೋತ್ಸವ ಡಿಸೆಂಬರಿನಲ್ಲಿತ್ತು. ಹೆಸರು ಕೊಟ್ಟಳಂತೆ.

ಈ ಹಲ್ಲು ಇನ್ನೂ ಹಲವು ವರ್ಷ ನನ್ನ ಕಣ್ಣಳತೆಯಲ್ಲಿರಬೇಕು. ಗೋಡೆಯ ತೆಳು ಭಾಗ ಹಾಗೇ ಇದೆ. ಎಂದಾದರೂ ತಿರುಳು ಕೈಕೊಟ್ಟರೆ ಆಗ ಎರಡನೇ ಬಾವಿಗೂ ಇಳಿಯಬೇಕಾಗುತ್ತದೆ, ಆದರೆ ಅಷ್ಟರಲ್ಲಿ ಬೇರು ಬಲಿತಿರುತ್ತದೆ, ಕೆಲಸ ಸಾಮಾನ್ಯ ರೂಟ್ ಕೆನಾಲಿಗೆ ಹತ್ತಿರವಾಗಿರುತ್ತದೆ. ವರ್ಷಕ್ಕೊಮ್ಮೆ ಬರಲು ಹೇಳಿದ್ದೇನೆ, ತಾರೀಖು ಕೊಟ್ಟಿಲ್ಲ. ಅಡಿಕೆ ಸುಲಿತ ಮುಗಿದು ಕೈ ಖಾಲಿಯಾದ ಮೇಲೆ, ಮಳೆ ಹಿಡಿಯುವ ಮುಂಚೆ, ಯಾವಾಗಲಾದರೂ.

ಈ ವರ್ಷ ಮಾರ್ಚಿನಲ್ಲಿ ಬಂದಾಗ ಜೊತೆಗೆ ತಮ್ಮನನ್ನೂ ಕರೆತಂದಿದ್ದರು. ಎಂಟು ವರ್ಷ. ಮನೆಯಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೂ ಇರುವುದುಂಟು ಎಂದು ನಾನು ಹೇಳಿದ್ದನ್ನು ತಾಯಿ ಮರೆತಿರಲಿಲ್ಲ. ಮೇಲಿನ ಪಕ್ಕದ ಬಾಚಿಹಲ್ಲುಗಳು ಆಗಷ್ಟೇ ವಸಡು ಸೀಳಿ ಮುಕ್ಕಾಲು ಇಳಿದಿದ್ದವು. ಕನ್ನಡಿ ಹಿಡಿದು ಎರಡರ ಹಿಂಬದಿಯನ್ನೂ ನೋಡಿದೆ. ಬಲಗಡೆ ಸಣ್ಣ ಹೊಂಡ, ಇನ್ನೂ ಬೆಳ್ಳಗಿತ್ತು. ಅಕ್ಕ ತಮ್ಮನ ಪಕ್ಕದಲ್ಲಿ ನಿಂತು, "ಜುಂ ಅಂದ್ರೆ ಎಡಗೈ ಎತ್ತು, ನಿಲ್ಲಿಸ್ತಾರೆ" ಎಂದು ಅವನಿಗೆ ಹೇಳಿಕೊಡುತ್ತಿದ್ದಳು. ಸೀಲ್ ಮಾಡಿ ಮುಗಿಸಲು ಹದಿನೈದು ನಿಮಿಷ ಹಿಡಿಯಿತು. ಮಧ್ಯಾಹ್ನದ ಬಸ್ಸಿಗೇ ಹೊರಟರು.